ಪಾಪುವಾ ನ್ಯೂಗಿನಿಯಲ್ಲಿ ಪೊಲೀಸರು ಮತ್ತು ಜನ: ಅಲ್ಲಿ ಇದ್ದು ಬಂದವರು ಯಾರಾದರೂ ಹೇಳ್ತೀರಾ?

ಪ್ರಶ್ನೆ: ಸುಳ್ಯದಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಪಾಪುವಾ ನ್ಯೂಗಿನಿಯ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಲ್ಲಿ ಕೆಲಸ ಸಿಕ್ಕಿದೆ. ಒಂದು ಹೋಲ್‌ಸೇಲ್ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಸಂಬಳ ಚೆನ್ನಾಗಿದೆ, ಮನೆಯನ್ನೂ ಅವರೇ ಕೊಡುತ್ತಾರೆ. ಆದರೆ 2024ರ ಜನವರಿಯಲ್ಲಿ ಅಲ್ಲಿ ನಡೆದ ಗಲಭೆಯ ವಿಡಿಯೊ ಯಾರೋ ಅಮ್ಮನಿಗೆ ತೋರಿಸಿದ್ದಾರೆ. ಅವತ್ತಿನಿಂದ ಅವರಿಗೆ ನಿದ್ದೆ ಇಲ್ಲ.

ನಮ್ಮ ಯಜಮಾನರು ಇಲ್ಲಿ ಹೆಡ್ ಕಾನ್‌ಸ್ಟೇಬಲ್. ಅವರೂ ಆ ವಿಡಿಯೊ ನೋಡಿದರು. ಒಂದು ದಿನ ಪೊಲೀಸರು ಕೆಲಸ ಬಿಟ್ಟರೆ ಅದೇ ದಿನ ರಾಜಧಾನಿಗೆ ಬೆಂಕಿ ಬೀಳುತ್ತದೆ ಅಂದರೆ ಹೇಗೆ ಅಂತ ಅವರು ಇನ್ನೂ ಕೇಳುತ್ತಿದ್ದಾರೆ. ಅಲ್ಲಿ ಪೊಲೀಸರಿಗೂ ಜನರಿಗೂ ಅಷ್ಟೊಂದು ಆಗುವುದಿಲ್ಲವಾ? ಕಳ್ಳತನ, ಹೊಡೆದಾಟ ಆದರೆ ಸಾಮಾನ್ಯ ಜನ ಯಾರ ಹತ್ತಿರ ಹೋಗುತ್ತಾರೆ? "ಡೇಂಜರ್, ಕಳಿಸಬೇಡಿ" ಅಂತ ಹೇಳುವವರು ಇಲ್ಲೇ ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಬದುಕಿದವರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ತೀರ್ಥಹಳ್ಳಿ ಮೇಷ್ಟ್ರು

ಅಕ್ಕಾ, ನಾನು ಲೇ ನಗರದಲ್ಲಿ, ಆಮೇಲೆ ಮೇಲುನಾಡಿನ ಗೊರೋಕಾದಲ್ಲಿ ಕಾಲೇಜು ಮೇಷ್ಟ್ರಾಗಿದ್ದೆ. ಆ ದೇಶದ ಮೇಲೆ ನನಗೆ ತುಂಬಾ ಪ್ರೀತಿ. ಹಾಗಾಗಿ ಉತ್ತರ ಉದ್ದ ಆಗುತ್ತದೆ.

ಮೊದಲು ಆ ಗಲಭೆ. 2024ರ ಜನವರಿ 10, ಬುಧವಾರ. ಪೊಲೀಸರು, ಸೈನಿಕರು, ಜೈಲು ಸಿಬ್ಬಂದಿ ಸಂಬಳದ ಚೀಟಿ ನೋಡಿದರೆ ದುಡ್ಡು ಕಡಿತವಾಗಿತ್ತು. ಕೆಲವರಿಗೆ 300 ಕಿನಾದವರೆಗೆ ಹೋಗಿತ್ತು. ಕಿನಾ ಅಂದರೆ ಅಲ್ಲಿನ ಹಣ. ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಗೂ ಜಾಸ್ತಿ. ಅಲ್ಲಿನ ಕಾನ್‌ಸ್ಟೇಬಲ್ ಮನೆಗೆ ಅದು ಅಕ್ಕಿ, ಟಿನ್ ಮೀನು, ಮಕ್ಕಳ ಬಸ್ ಚಾರ್ಜು. ಪ್ರಧಾನಿ ಜೇಮ್ಸ್ ಮರಾಪೆ ಅವರ ಸರ್ಕಾರ ಇದು ಕಂಪ್ಯೂಟರ್ ತಪ್ಪು, ವಾಪಸ್ ಕೊಡುತ್ತೇವೆ ಅಂದಿತು. ಆದರೆ ಅಷ್ಟರಲ್ಲಿ ಪೊಲೀಸರು ಕೆಲಸ ಬಿಟ್ಟು ಪಾರ್ಲಿಮೆಂಟ್ ಕಡೆ ಹೊರಟಿದ್ದರು. ಬೀದಿಯಲ್ಲಿ ಪೊಲೀಸ್ ಗಾಡಿ ಇಲ್ಲ ಅನ್ನುವುದು ಜನಕ್ಕೆ ಗೊತ್ತಾಯಿತು. ಅಂಗಡಿ ಒಡೆದರು, ಸುಟ್ಟರು. ಲೇಗೂ ಹರಡಿತು. ಮೊದಲ ದಿನಗಳ ಸುದ್ದಿಯಲ್ಲೇ ಸತ್ತವರು 15ಕ್ಕಿಂತ ಜಾಸ್ತಿ. ಸರ್ಕಾರ 14 ದಿನ ತುರ್ತು ಪರಿಸ್ಥಿತಿ ಹೇರಿತು, ಪೊಲೀಸ್ ಕಮಿಷನರ್ ಡೇವಿಡ್ ಮ್ಯಾನಿಂಗ್ ಅವರನ್ನು ಅಮಾನತು ಮಾಡಿತು.

ನಿಮ್ಮ ಯಜಮಾನರ ಪ್ರಶ್ನೆ ಸರಿಯಾದ ಪ್ರಶ್ನೆ. ನಮ್ಮಲ್ಲಿ ಪೊಲೀಸರು ಒಂದು ದಿನ ಬರದಿದ್ದರೆ ಹೀಗೇ ಆಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಅಲ್ಲಿ ಯಾಕೆ ಆಯಿತು? ಒಂದು ಕಾರಣ ಬಡತನ, ನಿರುದ್ಯೋಗ. ಹಳ್ಳಿ ಬಿಟ್ಟು ಬಂದವರು ಊರಿನ ಅಂಚಿನಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಾರೆ. ಆ ಜಾಗಗಳನ್ನು ಅಲ್ಲಿ ಸೆಟಲ್‌ಮೆಂಟ್ ಅನ್ನುತ್ತಾರೆ. ನೀರು, ಕರೆಂಟು, ಹಕ್ಕುಪತ್ರ ಯಾವುದೂ ಸರಿ ಇಲ್ಲ. ಪಕ್ಕದಲ್ಲೇ ಎತ್ತರದ ಗೋಡೆ, ಮೇಲೆ ಮುಳ್ಳುತಂತಿ, ಒಳಗೆ ಏಸಿ ಅಂಗಡಿ. ಇನ್ನೊಂದು ಕಾರಣ, ಆ ಜನ ಪೊಲೀಸರನ್ನು ತಮ್ಮವರು ಅಂತ ನೋಡಿಯೇ ಇಲ್ಲ. ಅವರ ಕಣ್ಣಲ್ಲಿ ಪೊಲೀಸ್ ಅಂದರೆ ಅಂಗಡಿಯ ಕಡೆಯವನು. ಅವನು ಎದ್ದು ಹೋದ, ಅಂಗಡಿ ಹೋಯಿತು.

ಸಂಖ್ಯೆಯನ್ನೂ ನೋಡಿ. 1975ರ ಸೆಪ್ಟೆಂಬರ್ 16ರಂದು ಆಸ್ಟ್ರೇಲಿಯಾದಿಂದ ಸ್ವಾತಂತ್ರ್ಯ ಬಂದಾಗ ಮೂವತ್ತು ಲಕ್ಷಕ್ಕಿಂತ ಕಡಿಮೆ ಜನರಿಗೆ ನಾಲ್ಕು ಸಾವಿರದಷ್ಟು ಪೊಲೀಸರು ಇದ್ದರು. ಈಗ ಜನಸಂಖ್ಯೆ ಒಂದು ಕೋಟಿ ಮುಟ್ಟಿದೆ ಅನ್ನುತ್ತಾರೆ, ಪೊಲೀಸರು ಐದಾರು ಸಾವಿರ. ದೇಶದಲ್ಲಿ 800ಕ್ಕೂ ಜಾಸ್ತಿ ಭಾಷೆಗಳು. ರಾಜಧಾನಿಯಿಂದ ಲೇಗೆ ರಸ್ತೆಯೇ ಇಲ್ಲ, ವಿಮಾನದಲ್ಲೋ ಹಡಗಿನಲ್ಲೋ ಹೋಗಬೇಕು. ಖಾಸಗಿ ಸೆಕ್ಯೂರಿಟಿ ಗಾರ್ಡುಗಳ ಸಂಖ್ಯೆ ಪೊಲೀಸರಿಗಿಂತ ಎಷ್ಟೋ ಪಟ್ಟು ಹೆಚ್ಚು. ದುಡ್ಡಿದ್ದವರಿಗೆ ಗಾರ್ಡು, ನಾಯಿ, ಬೇಲಿ. ಇಲ್ಲದವರಿಗೆ ಅವರ ವಾಂಟೋಕ್‌ಗಳು. ಅಂದರೆ ಒಂದೇ ಭಾಷೆ, ಒಂದೇ ಊರು, ಒಂದೇ ಕುಲದವರು.

ನನಗೇ ಆದದ್ದು ಹೇಳುತ್ತೇನೆ. ಲೇಯಲ್ಲಿ ನಮ್ಮ ಕ್ವಾರ್ಟರ್ಸ್‌ಗೆ ಕಳ್ಳರು ನುಗ್ಗಿದರು. ಲ್ಯಾಪ್‌ಟಾಪು, ಕುಕ್ಕರು, ಮಗಳ ಶಾಲೆಯ ಬ್ಯಾಗು ಹೋಯಿತು. ಠಾಣೆಗೆ ಹೋದೆ. ಅಲ್ಲಿದ್ದ ಸಾರ್ಜೆಂಟ್ ಮರ್ಯಾದೆಯಿಂದಲೇ ಕೂರಿಸಿ, ಗಾಡಿಗೆ ಡೀಸೆಲ್ ಇಲ್ಲ, ನೀವು ಹಾಕಿಸಿದರೆ ಬರುತ್ತೇವೆ ಅಂದರು. ಆ ಮನುಷ್ಯನ ಮುಖದಲ್ಲಿ ನಾಚಿಕೆ ಇತ್ತು. ಇದು ಆ ಒಂದು ಠಾಣೆಯ ಕಥೆ ಅಲ್ಲ, ದೇಶದ ತುಂಬಾ ಜನ ಹೇಳುವ ದೂರು ಇದೇ.

ವಾಪಸ್ ಬಂದ ಮೇಲೆ ನಮ್ಮ ಗೇಟಿನ ಗಾರ್ಡು ಪಕ್ಕದ ಸೆಟಲ್‌ಮೆಂಟಿನ ಹಿರಿಯರ ಹತ್ತಿರ ಮಾತಾಡಿದ. ಅವನೂ ಅಲ್ಲಿಯವನೇ. ಮರುದಿನ ಸಂಜೆ ಆ ಹಿರಿಯರು, ಚರ್ಚಿನ ಒಬ್ಬ ಪಾಸ್ಟರ್, ಇಬ್ಬರು ಹೆಂಗಸರು ನಮ್ಮ ಮನೆಗೆ ಬಂದರು. ಲ್ಯಾಪ್‌ಟಾಪು, ಬ್ಯಾಗು ತಂದುಕೊಟ್ಟರು. ಕುಕ್ಕರ್ ಸಿಗಲಿಲ್ಲ. ಹುಡುಗರು ಯಾರು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮ ಮನೆಗೆ ಇನ್ನು ಯಾರೂ ಬರುವುದಿಲ್ಲ ಅಂದರು. ಯಾರೂ ಬರಲಿಲ್ಲ. ಆಮೇಲೆ ಆ ಸೆಟಲ್‌ಮೆಂಟಿನ ಮಕ್ಕಳಿಗೆ ಶನಿವಾರ ಸಂಜೆ ಲೆಕ್ಕ ಹೇಳಿಕೊಡಲು ಶುರು ಮಾಡಿದೆ.

ಅಲ್ಲಿ ದಿನನಿತ್ಯದ ಕಾನೂನು ನಡೆಸುವವರು ಇಂಥ ಜನ ಅನ್ನುವುದು ನನ್ನ ಅನುಭವ. ಸರ್ಕಾರವೂ ಇದನ್ನು ಒಪ್ಪಿಕೊಂಡಿದೆ. 1973ರಲ್ಲೇ, ಸ್ವಾತಂತ್ರ್ಯಕ್ಕೂ ಮೊದಲು, ಗ್ರಾಮ ನ್ಯಾಯಾಲಯದ ಕಾಯಿದೆ ತಂದರು. ಈಗ ದೇಶದಲ್ಲಿ ಸಾವಿರಕ್ಕೂ ಎಷ್ಟೋ ಹೆಚ್ಚು ಇಂಥ ನ್ಯಾಯಾಲಯಗಳಿವೆ. ಮ್ಯಾಜಿಸ್ಟ್ರೇಟರು ವಕೀಲರಲ್ಲ, ಅದೇ ಊರಿನವರು. ಗೊರೋಕಾದ ಹತ್ತಿರ ಒಂದನ್ನು ಎಷ್ಟೋ ಸಲ ಕೂತು ನೋಡಿದ್ದೇನೆ. ತಗಡಿನ ಮಾಡು, ಒಂದು ಬೆಂಚು, ಒಂದು ಬಾವುಟ. ಸುತ್ತ ಹುಲ್ಲಿನ ಮೇಲೆ ಜನ. ಹೆಂಗಸರು ನೂಲಿನ ಬಿಲುಂ ಚೀಲ ಹೆಣೆಯುತ್ತಾ ಕೂತಿರುತ್ತಾರೆ, ಆದರೆ ಒಂದು ಮಾತೂ ತಪ್ಪಿಸಿಕೊಳ್ಳುವುದಿಲ್ಲ. ಒಬ್ಬನ ಹಂದಿ ಇನ್ನೊಬ್ಬನ ಸಿಹಿಗೆಣಸಿನ ತೋಟ ತಿಂದಿದೆ. ಸಾಲ ತೀರಿಸಿಲ್ಲ. ಕುಡಿದು ಹೊಡೆದಾಡಿದ್ದಾರೆ. ಎರಡೂ ಕಡೆಯವರು ಮನಸ್ಸು ಖಾಲಿ ಆಗುವ ತನಕ ಮಾತಾಡುತ್ತಾರೆ. ಆಮೇಲೆ ಇಷ್ಟು ಕಿನಾ, ಇಷ್ಟು ಹಂದಿ ಅಂತ ತೀರ್ಮಾನ. ಕೈ ಕುಲುಕಿ ಏಳುತ್ತಾರೆ. ಜಗಳ ದೊಡ್ಡದಾಗಿದ್ದರೆ ಮೊದಲೇ ಒಂದು ಸಣ್ಣ ಮೊತ್ತ ಕೊಡುವ ಪದ್ಧತಿ ಇದೆ, ಅದಕ್ಕೆ 'ಬೆಲ್ ಕೋಲ್' ಅನ್ನುತ್ತಾರೆ. ಆ ದುಡ್ಡು ಕೈ ಸೇರಿದರೆ ಸೇಡಿಗೆ ಹೊರಟವರು ನಿಲ್ಲುತ್ತಾರೆ, ಮಾತಿಗೆ ಸಮಯ ಸಿಗುತ್ತದೆ. ಒಂದು ಬೆಲ್ ಕೋಲ್ ಎಷ್ಟು ಜೀವ ಉಳಿಸುತ್ತದೆ ಅನ್ನುವುದನ್ನು ಅಲ್ಲಿ ಇದ್ದವರೇ ಬಲ್ಲರು.

ಇದರಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಕೊಲೆ, ಅತ್ಯಾಚಾರದ ಪ್ರಕರಣ ಗ್ರಾಮ ನ್ಯಾಯಾಲಯಕ್ಕೆ ಸೇರಿದ್ದಲ್ಲ. ಆದರೂ ಎಷ್ಟೋ ಕಡೆ ಅವೂ ಹಂದಿ, ದುಡ್ಡಿನಲ್ಲೇ ಮುಗಿದುಹೋಗುತ್ತವೆ. ಪರಿಹಾರ ಗಂಡಸರ ಕೈ ಸೇರುತ್ತದೆ, ನೋವು ತಿಂದ ಹೆಣ್ಣಿಗೆ ಏನೂ ಸಿಗುವುದಿಲ್ಲ. ಇದು ನನಗೆ ತುಂಬಾ ಸಂಕಟ ಕೊಟ್ಟ ವಿಷಯ.

ಉತ್ತರ: ನೇರಮಾತು

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ಕದ್ದವನ ಹೆಸರು ಕೇಳದೆ ಬಿಟ್ಟರೆ ಕಳ್ಳತನ ನಿಲ್ಲುತ್ತದಾ? ಅಲ್ಲಿ ರಾಸ್ಕಲ್ ಗ್ಯಾಂಗುಗಳು ಬಂದೂಕು ಹಿಡಿದು ಗಾಡಿ ಅಡ್ಡಗಟ್ಟುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಪೊಲೀಸರು ಗಟ್ಟಿ ಕೈ ತೋರಿಸಬೇಕು. ಹೆದರಿಕೆ ಇಲ್ಲದಿದ್ದರೆ ಯಾವ ದೇಶವೂ ನಡೆಯುವುದಿಲ್ಲ.

ಉತ್ತರ: ತೀರ್ಥಹಳ್ಳಿ ಮೇಷ್ಟ್ರು

ಗಟ್ಟಿ ಕೈಯನ್ನು ಅಲ್ಲಿ ಐವತ್ತು ವರ್ಷದಿಂದ ತೋರಿಸುತ್ತಿದ್ದಾರೆ ಸರ್. ಅದರ ಫಲವನ್ನೇ ನಾನು ಹೇಳುತ್ತಿರುವುದು. ಒಬ್ಬ ಹುಡುಗ ಕದ್ದರೆ ಪೊಲೀಸರು ಇಡೀ ಸೆಟಲ್‌ಮೆಂಟಿಗೆ ನುಗ್ಗುತ್ತಾರೆ. ಮನೆ ಸುಡುತ್ತಾರೆ, ಹಂದಿ ಕೊಲ್ಲುತ್ತಾರೆ, ಸಿಕ್ಕವರಿಗೆ ಹೊಡೆಯುತ್ತಾರೆ. 2005ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಇದರ ಮೇಲೆ ವರದಿ ಮಾಡಿತು. ಹಿಡಿದು ತಂದ ಮಕ್ಕಳನ್ನೂ ಪೊಲೀಸರು ಹೊಡೆದು ಹಿಂಸಿಸಿದ್ದು ಅದರಲ್ಲಿ ಇದೆ. 2016ರ ಜೂನ್ 8ರಂದು ರಾಜಧಾನಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೆರವಣಿಗೆ ಹೊರಟಾಗ ಪೊಲೀಸರು ಗುಂಡು ಹಾರಿಸಿದರು, ಎಷ್ಟೋ ಮಕ್ಕಳಿಗೆ ಗಾಯವಾಯಿತು. ಆ ವಾರ ನನ್ನ ತರಗತಿಯ ಹುಡುಗರು ಬೋರ್ಡಿನ ಕಡೆ ನೋಡಲೇ ಇಲ್ಲ. ಇಷ್ಟೆಲ್ಲ ಆದ ಮೇಲೆ ಗ್ಯಾಂಗುಗಳು ಹೋದವಾ? ಇಲ್ಲ. ಮನೆ ಸುಟ್ಟುಕೊಂಡ ಊರಿನಲ್ಲಿ ಪೊಲೀಸರಿಗೆ ಸುಳಿವು ಕೊಡುವವರು ಯಾರು ಇರುತ್ತಾರೆ ಹೇಳಿ. ನಿಮ್ಮ ಊರಿನಲ್ಲೇ ಹಾಗೆ ಆದರೆ ನೀವು ಕೊಡ್ತೀರಾ?

ಅಡಿಕೆಯ ಕಥೆ ಹೇಳಲೇಬೇಕು, ಇಲ್ಲಿ ಮಲೆನಾಡು, ಕರಾವಳಿಯವರು ತುಂಬಾ ಇದ್ದೀರಿ. ಅಲ್ಲಿ ಅಡಿಕೆಗೆ ಬುವಾಯ್ ಅನ್ನುತ್ತಾರೆ. ಹಸಿ ಅಡಿಕೆ, ಸುಣ್ಣ, ಜೊತೆಗೆ ಎಲೆಯ ಬದಲು ಅದೇ ಜಾತಿಯ ಬಳ್ಳಿಯ ಉದ್ದನೆಯ ಕಾಯಿ. ದೇಶಕ್ಕೆ ದೇಶವೇ ಜಗಿಯುತ್ತದೆ. ಬೇರೆ ದುಡಿಮೆ ಇಲ್ಲದ ಹೆಂಗಸರು ರಸ್ತೆ ಬದಿಯಲ್ಲಿ ಪುಟ್ಟ ಮೇಜು ಹಾಕಿ ಬುವಾಯ್ ಮಾರಿ ಮಕ್ಕಳ ಫೀಸು ಕಟ್ಟುತ್ತಾರೆ. ಊರೆಲ್ಲ ಕೆಂಪು ಉಗುಳು, ಬಾಯಿ ಕ್ಯಾನ್ಸರ್ ಜಾಸ್ತಿ ಅಂತ ರಾಜಧಾನಿಯಲ್ಲಿ ಗವರ್ನರ್ ಪೊವೆಸ್ ಪಾರ್ಕೊಪ್ 2013ರಲ್ಲಿ ಮಾರಾಟ ನಿಷೇಧಿಸಿದರು. ಉದ್ದೇಶ ಒಳ್ಳೆಯದೇ, ಕ್ಯಾನ್ಸರ್ ಸುಳ್ಳಲ್ಲ. ಆದರೆ ಜಾರಿಗೆ ಬಂದದ್ದು ಲಾಠಿಯ ಮೂಲಕ. ಮೂಟೆ ಕಸಿದರು, ಮಾರುವವರನ್ನು ಅಟ್ಟಾಡಿಸಿದರು, ಸಂಘರ್ಷದಲ್ಲಿ ಜೀವಗಳೂ ಹೋದವು. ಕಸಿದುಕೊಂಡ ಅಡಿಕೆ ಮತ್ತೆ ಮಾರಾಟವಾಗುತ್ತದೆ ಅಂತ ಜನ ಬಾಯಿಬಿಟ್ಟೇ ಹೇಳುತ್ತಿದ್ದರು. ಕೆಲವು ವರ್ಷಗಳ ನಂತರ ನಿಷೇಧ ಸಡಿಲವಾಯಿತು. ಅಡಿಕೆ ಬೆಳೆಗಾರನ ಮಗನಾಗಿ ನನಗೆ ಆ ತಾಯಂದಿರ ಕಣ್ಣೀರು ನೋಡಿ ಸುಮ್ನೆ ಇರಲು ಆಗಲಿಲ್ಲ. ಅಮ್ಮನ ಮೇಜು ಒದ್ದವನನ್ನು ಮಗ ಪೊಲೀಸ್ ಅಂತ ಗೌರವಿಸುತ್ತಾನಾ?

ಇನ್ನು ರಾಸ್ಕಲ್‌ಗಳ ಬಗ್ಗೆ. ಅವರು ಎಲ್ಲಿಂದಲೋ ಬಂದವರಲ್ಲ, ಶಾಲೆ ಅರ್ಧಕ್ಕೆ ಬಿಟ್ಟ ಹುಡುಗರು. ತೊಂಬತ್ತರ ದಶಕದಲ್ಲಿ ಎಷ್ಟೋ ಗ್ಯಾಂಗುಗಳು ಚರ್ಚಿನವರ ಮಾತಿಗೆ ಒಪ್ಪಿ, ಜನರ ಮುಂದೆ ಬಂದೂಕು ಇಟ್ಟು, ನಮಗೆ ಕೆಲಸ ಕೊಡಿ ಅಂತ ಕೇಳಿಕೊಂಡವು. ಕೊಟ್ಟ ಮಾತನ್ನು ದೊಡ್ಡವರು ಉಳಿಸಿಕೊಂಡ ಕಡೆ ಹುಡುಗರು ನಿಂತರು. ಉಳಿಸಿಕೊಳ್ಳದ ಕಡೆ ಮತ್ತೆ ಹೋದರು.

ಬಂದೂಕಿನ ವಿಷಯದಲ್ಲಿ ನಿಮ್ಮ ಆತಂಕ ನಿಜ. ಮೇಲುನಾಡಿನ ಎಂಗಾದಲ್ಲಿ ಕುಲಗಳ ಜಗಳಕ್ಕೆ ಹಿಂದೆ ಬಿಲ್ಲು ಬಾಣ ಇತ್ತು, ಈಗ ಸೈನ್ಯದವರ ರೈಫಲ್‌ಗಳಿವೆ. 2024ರ ಫೆಬ್ರವರಿಯಲ್ಲಿ ವಾಪೆನಮಾಂಡಾದ ಹತ್ತಿರ ಒಂದೇ ಕಾದಾಟದಲ್ಲಿ ಹತ್ತಾರು ಜನ ಸತ್ತರು. ಅಂಥ ಕಡೆ ಹಿರಿಯರ ಮಾತೊಂದೇ ಸಾಲದು. ಪೊಲೀಸರು ಬೇಕು, ಜಾಸ್ತಿಯೇ ಬೇಕು. ಮರಾಪೆ ಸರ್ಕಾರ ಹತ್ತು ಸಾವಿರ ಪೊಲೀಸರ ಗುರಿ ಇಟ್ಟುಕೊಂಡಿದೆ. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ 20 ಕೋಟಿ ಆಸ್ಟ್ರೇಲಿಯನ್ ಡಾಲರ್ ನೆರವಿನ ಭದ್ರತಾ ಒಪ್ಪಂದಕ್ಕೆ ಸಹಿ ಹಾಕಿತು. ನಾನು ಅದನ್ನು ಬೇಡ ಅನ್ನುವುದಿಲ್ಲ. ಆದರೆ ಹೊಸ ಹುಡುಗರೂ ಹಳೆಯ ರೀತಿಯಲ್ಲೇ ಸೆಟಲ್‌ಮೆಂಟಿಗೆ ನುಗ್ಗಿದರೆ ಹತ್ತು ಸಾವಿರ ಆದರೇನು, ಇಪ್ಪತ್ತು ಸಾವಿರ ಆದರೇನು?

ಉತ್ತರ: ಹಾಸನದ ನರ್ಸ್

ನಾನು ಲೇಯಲ್ಲಿ ಚರ್ಚಿನವರು ನಡೆಸುವ ಒಂದು ಕ್ಲಿನಿಕ್‌ನಲ್ಲಿದ್ದೆ. ಹೆಂಗಸರ ಕಡೆಯ ಮಾತು ಸ್ವಲ್ಪ ಹೇಳುತ್ತೇನೆ.

ವಾರದ ಕೊನೆಯಲ್ಲಿ, ಅದರಲ್ಲೂ ಸಂಬಳ ಬಂದ ಶುಕ್ರವಾರ, ಗಂಡನ ಕೈಯಿಂದ ಪೆಟ್ಟು ತಿಂದವರು ಸಾಲಾಗಿ ಬರುತ್ತಿದ್ದರು. ಮಚ್ಚಿನ ಗಾಯ ಹೊಲಿದು ಹೊಲಿದು ನನ್ನ ಕೈಗೆ ಅಭ್ಯಾಸವಾಯಿತು, ಮನಸ್ಸಿಗೆ ಆಗಲಿಲ್ಲ. 2013ರಲ್ಲಿ ಕುಟುಂಬ ರಕ್ಷಣಾ ಕಾಯಿದೆ ಬಂತು. ಹೆಂಡತಿಗೆ ಹೊಡೆಯುವುದು ಅಪರಾಧ ಅಂತ ಸ್ಪಷ್ಟವಾಗಿ ಬರೆದರು. ಗಂಡ ಹತ್ತಿರ ಬರದಂತೆ ರಕ್ಷಣಾ ಆದೇಶ ಪಡೆಯಬಹುದು. ದೊಡ್ಡ ಠಾಣೆಗಳಲ್ಲಿ ಕೌಟುಂಬಿಕ ಹಿಂಸೆಗೆ ಅಂತಲೇ ಬೇರೆ ಘಟಕ ಇದೆ. ಅಲ್ಲಿನ ಮಹಿಳಾ ಪೊಲೀಸರಲ್ಲಿ ಕೆಲವರನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ. ಒಂದು ಕೋಣೆ, ಇಬ್ಬರು ಸಿಬ್ಬಂದಿ, ಹೊರಗೆ ಮಕ್ಕಳನ್ನು ಎತ್ತಿಕೊಂಡು ಕಾಯುವ ಇಪ್ಪತ್ತು ಜನ ಹೆಂಗಸರು. ಆದರೂ ಒಬ್ಬೊಬ್ಬರ ಮಾತನ್ನೂ ಪೂರ್ತಿ ಕೇಳಿ ಬರೆದುಕೊಳ್ಳುತ್ತಿದ್ದರು. ಮುಂದಿನ ಕೌಂಟರಿನಲ್ಲಿ ಗಂಡಸು ಪೊಲೀಸ್ ಇದ್ದರೆ, ಇದು ಮನೆ ಜಗಳ, ಹೋಗಿ ಸರಿ ಮಾಡಿಕೋ ಅಂತ ವಾಪಸ್ ಕಳಿಸಿದ್ದೂ ಉಂಟು. ಹಾಗೆ ಹೋದವಳು ಮತ್ತೆ ನಮ್ಮ ಹತ್ತಿರವೇ ಬರುತ್ತಿದ್ದಳು, ಇನ್ನೂ ಆಳದ ಗಾಯದ ಜೊತೆ.

ಇನ್ನೊಂದು ಕ್ರೂರ ವಿಷಯ ಮಾಟದ ಆರೋಪ. ಊರಲ್ಲಿ ಯಾರಾದರೂ ಸತ್ತರೆ ಒಬ್ಬ ಹೆಂಗಸನ್ನು ಹಿಡಿದು, ನೀನೇ ಮಾಡಿದ್ದು ಅಂತ ಹಿಂಸೆ ಕೊಡುತ್ತಾರೆ. 2013ರ ಫೆಬ್ರವರಿಯಲ್ಲಿ ಮೇಲುನಾಡಿನ ಮೌಂಟ್ ಹೇಗನ್ ಪಟ್ಟಣದಲ್ಲಿ ಒಬ್ಬ ಎಳೆಯ ತಾಯಿಯನ್ನು ಜನರ ಮುಂದೆಯೇ ಸುಟ್ಟು ಕೊಂದರು. ಆ ಗುಂಪಿನ ಮುಂದೆ ಪೊಲೀಸರ ಕೈ ಸಾಗಲಿಲ್ಲ. ಅದೇ ವರ್ಷ ಸರ್ಕಾರ 1971ರ ಮಾಟದ ಕಾಯಿದೆಯನ್ನು ರದ್ದು ಮಾಡಿತು. ಕೊಂದವನು ಮಾಟದ ಹೆಸರು ಹೇಳಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳಲು ಆ ಕಾಯಿದೆಯಲ್ಲಿ ದಾರಿ ಇತ್ತು. ಕಾಯಿದೆ ಹೋಯಿತು, ನಂಬಿಕೆ ಹೋಗಿಲ್ಲ. ಸಾವು ಆದ ಮನೆಗೆ ಬೇಗ ಹೋಗಿ, ಯಾವ ಕಾಯಿಲೆಯಿಂದ ಸತ್ತರು ಅಂತ ಅವರ ಭಾಷೆಯಲ್ಲಿ ಬಿಡಿಸಿ ಹೇಳುವ ನರ್ಸ್, ಜೊತೆಗೆ ಊರಿನವರು ನಂಬುವ ಪಾಸ್ಟರ್. ಇವರಿಬ್ಬರೂ ಇದ್ದ ಕಡೆ ಗುಂಪು ಚದುರಿದ್ದನ್ನು ನಾನು ನೋಡಿದ್ದೇನೆ.

ನಿಮ್ಮ ತಮ್ಮ ಮುಂದೆ ಯಾವಾಗಲಾದರೂ ಹೆಂಡತಿಯನ್ನು ಕರೆದುಕೊಂಡು ಹೋಗುವುದಾದರೆ, ರಾಜಧಾನಿಯಲ್ಲಿ ಹೆಂಗಸರಿಗೆ ಅಂತಲೇ 'ಮೆರಿ ಸೇಫ್' ಬಸ್ ಶುರುವಾಗಿತ್ತು. ಈಗ ಯಾವ ದಾರಿಯಲ್ಲಿ ಓಡುತ್ತಿದೆ ಅಂತ ಅಲ್ಲಿ ಹೋದಾಗ ಕೇಳಿಕೊಳ್ಳಲಿ. ಕೌಟುಂಬಿಕ ಹಿಂಸೆಗೆ ಉಚಿತ ಸಹಾಯವಾಣಿಯೂ ಇದೆ.

ಮತ್ತೆ: ಸುಳ್ಯದಕ್ಕ

ಎಲ್ಲ ಓದಿ ಯಜಮಾನರಿಗೂ ಓದಿ ಹೇಳಿದೆ. ಬುವಾಯ್ ಕಥೆ ಕೇಳಿ ಅವರು ತುಂಬಾ ಹೊತ್ತು ಮಾತೇ ಆಡಲಿಲ್ಲ. ಅವರದ್ದು ಇನ್ನೂ ಒಂದು ಪ್ರಶ್ನೆ. ಪೊಲೀಸರೂ ಜನರೂ ಚೆನ್ನಾಗಿ ಇರುವ ಜಾಗ ಆ ದೇಶದಲ್ಲಿ ಎಲ್ಲೂ ಇಲ್ಲವಾ? ಮತ್ತೆ ಅಲ್ಲಿನ ಕಾನ್‌ಸ್ಟೇಬಲ್‌ಗೆ ಇರಲು ಮನೆ ಕೊಡುತ್ತಾರಾ?

ಉತ್ತರ: ತೀರ್ಥಹಳ್ಳಿ ಮೇಷ್ಟ್ರು

ಇದೆ ಅಕ್ಕಾ. ಬೂಗನ್‌ವಿಲ್ ಅಂತ ಪೂರ್ವಕ್ಕೆ ಒಂದು ದ್ವೀಪ. ಅಲ್ಲಿ ಪಂಗುನಾ ಎಂಬ ಕಡೆ ದೊಡ್ಡ ತಾಮ್ರದ ಗಣಿ ಇತ್ತು. ಅದರ ಜಗಳ 1988ರಲ್ಲಿ ಯುದ್ಧವಾಗಿ ಹತ್ತು ವರ್ಷ ನಡೆಯಿತು, ಸಾವಿರಾರು ಜನ ಸತ್ತರು. ಗಲಭೆ ಅಡಗಿಸಲು ಕಳಿಸಿದ ಪೊಲೀಸರೇ ಊರುಗಳನ್ನು ಸುಟ್ಟಿದ್ದರು. ಹಾಗಾಗಿ ಶಾಂತಿ ಬಂದ ಮೇಲೂ ಪೊಲೀಸ್ ಸಮವಸ್ತ್ರ ಕಂಡರೆ ಜನಕ್ಕೆ ಆಗುತ್ತಿರಲಿಲ್ಲ. ಆಗ ನ್ಯೂಜಿಲೆಂಡ್ ಪೊಲೀಸರ ಸಹಾಯದಿಂದ ಒಂದು ಹೊಸ ದಾರಿ ಹಿಡಿದರು. ಊರಿನ ಮುಖ್ಯಸ್ಥರು ಒಪ್ಪಿದ, ಅದೇ ಊರಿನ ಗಂಡಸು ಹೆಂಗಸರನ್ನು ಸಹಾಯಕ ಪೊಲೀಸರಾಗಿ ತೆಗೆದುಕೊಂಡರು. ಬಂದೂಕು ಇಲ್ಲ. ಸಣ್ಣ ಭತ್ಯೆ, ಒಂದು ಶರ್ಟು, ತರಬೇತಿ. ಅವರು ಇರುವುದು ತಮ್ಮ ಮನೆಯಲ್ಲೇ.

ಪರೀಕ್ಷೆಯ ಕೆಲಸಕ್ಕೆ ನಾನು ಆ ದ್ವೀಪದ ಅರಾವಾ ಪಟ್ಟಣಕ್ಕೆ ಹೋದಾಗ ಅಂಥ ಒಬ್ಬ ಹೆಂಗಸನ್ನು ನೋಡಿದೆ. ಕುಡಿದು ಕೂಗಾಡುತ್ತಿದ್ದ ಮೂವರು ಹುಡುಗರ ಹತ್ತಿರ ಒಬ್ಬಳೇ ನಡೆದು ಹೋದಳು. ಒಬ್ಬನನ್ನು ಅವನ ಅಮ್ಮನ ಹೆಸರು ಹಿಡಿದು ಮಾತಾಡಿಸಿದಳು. ಹುಡುಗರು ತಲೆ ತಗ್ಗಿಸಿ ಹೊರಟರು. ಮರುದಿನ ಊರ ಮುಖ್ಯಸ್ಥರ ಮುಂದೆ ಅವರು ಬರಲೇಬೇಕು, ಅದನ್ನೂ ಹೇಳಿಯೇ ಕಳಿಸಿದಳು. ನೇರಮಾತು ಅವರು ಗಟ್ಟಿ ಕೈ ಬೇಕು ಅಂದರಲ್ಲ, ನನಗೆ ಅವಳ ಕೈ ಗಟ್ಟಿ ಅನ್ನಿಸಿತು. ಗಂಭೀರ ಅಪರಾಧವಾದರೆ ಅವರು ದೊಡ್ಡ ಠಾಣೆಗೆ ಒಪ್ಪಿಸುತ್ತಾರೆ. ರಾಜಧಾನಿಯಲ್ಲೂ ಸರಾಗಾ ಅನ್ನುವ ಸೆಟಲ್‌ಮೆಂಟಿನಲ್ಲಿ ಬೇರೆ ಬೇರೆ ಕುಲದವರು ಸೇರಿ ಶಾಂತಿ ಸಮಿತಿ ಮಾಡಿಕೊಂಡು, ಪೊಲೀಸರ ಜೊತೆ ಮಾತುಕತೆ ಇಟ್ಟುಕೊಂಡು ಜಗಳ ಕಡಿಮೆ ಮಾಡಿದ್ದಾರೆ.

ಮನೆಯ ವಿಷಯ ಕೇಳಿದ್ದಕ್ಕೆ ಯಜಮಾನರಿಗೆ ನಮಸ್ಕಾರ ಹೇಳಿ, ಅದನ್ನು ಯಾರೂ ಕೇಳುವುದಿಲ್ಲ. ಕ್ವಾರ್ಟರ್ಸ್ ಇವೆ, ಸಾಲುವುದಿಲ್ಲ, ಇರುವವೂ ಸೋರುತ್ತವೆ. ಎಷ್ಟೋ ಕಾನ್‌ಸ್ಟೇಬಲ್‌ಗಳು ಸೆಟಲ್‌ಮೆಂಟುಗಳಲ್ಲೇ ಬಾಡಿಗೆಗೆ ಇರುತ್ತಾರೆ. ಬೆಳಗ್ಗೆ ಒಂದು ಸೆಟಲ್‌ಮೆಂಟಿಗೆ ದಾಳಿಗೆ ಹೋದವನು ಸಂಜೆ ಇನ್ನೊಂದರಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿರುತ್ತಾನೆ. ಅವನ ಕಷ್ಟವೂ ಜನರ ಕಷ್ಟವೇ. ಅವನಿಗೆ ಮನೆ, ಸರಿಯಾದ ಸಂಬಳ, ಡೀಸೆಲ್ ಕೊಟ್ಟು, ತಪ್ಪು ಮಾಡಿದಾಗ ನಿಜವಾಗಿ ವಿಚಾರಣೆ ಮಾಡಿದರೆ ತುಂಬಾ ಬದಲಾಗುತ್ತದೆ ಅಂತ ನನ್ನ ನಂಬಿಕೆ. ಆ ಜನವರಿಯ ಬುಧವಾರಕ್ಕೂ ಸಂಬಳದ ಚೀಟಿಯೇ ಕಾರಣ ಅಲ್ವಾ?

ತಮ್ಮನನ್ನು ಕಳಿಸಬೇಡಿ ಅಂತ ನಾನು ಹೇಳುವುದಿಲ್ಲ. ಆಫೀಸಿನಿಂದ ಮನೆಗೆ ರಾತ್ರಿ ಗಾಡಿ ಯಾರು ಓಡಿಸುತ್ತಾರೆ, ಕಂಪನಿಯ ಗಾರ್ಡುಗಳು ಸುತ್ತಲಿನ ಊರಿನವರಾ ಅಂತ ಸಹಿ ಹಾಕುವ ಮೊದಲು ಕೇಳಲಿ. ಕತ್ತಲಾದ ಮೇಲೆ ನಡೆದು ಹೋಗುವುದು ಬೇಡ. ಬೇರೆ ಬೇರೆ ಭಾಷೆಯವರು ತಮ್ಮೊಳಗೆ ಮಾತಾಡುವ ಟೋಕ್ ಪಿಸಿನ್ ಭಾಷೆ ಬೇಗ ಕಲಿಯಲಿ, ಕಷ್ಟ ಇಲ್ಲ. ಗಾರ್ಡು, ಡ್ರೈವರು, ಬುವಾಯ್ ಮಾರುವ ಅಮ್ಮ, ಇವರ ಹೆಸರು ಮೊದಲ ವಾರದಲ್ಲೇ ತಿಳಿದುಕೊಳ್ಳಲಿ. ನನ್ನ ನಂಬರನ್ನು ನಿಮಗೆ ಇನ್‌ಬಾಕ್ಸ್‌ನಲ್ಲಿ ಕಳಿಸಿದ್ದೇನೆ. ಅಮ್ಮನೂ ಮಾತಾಡಬಹುದು, ಸಂಜೆ ಏಳರ ಮೇಲೆ ಯಾವಾಗ ಬೇಕಾದರೂ ಫೋನ್ ಮಾಡಿ.